ಅಂಗಡಿಯೊಳಗೆ ಬಂದ ಬೀದಿ

ಪಿಸುವಿನ ಕೈಯಲ್ಲಿದ್ದ ಪೊರಕೆ ಇನ್ನೂ ಮೇಜಿನ ಕೆಳಗೇ ಇತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು.

"ಪಿಸು, ಅಲ್ಲೇ ನಿಂತ್ಕೋ," ಎಂದು ಹಿಂದಿನ ಕೋಣೆಯಿಂದ ಅಪ್ಪ ಕೂಗಿದ. "ಗಾಜಿನ ಚೂರು ಬಿದ್ದಿರುತ್ತೆ. ಟಾರ್ಚ್ ಎಲ್ಲಿಟ್ಟಿದೀನೋ ನೋಡ್ತೀನಿ."

ಪಿಸು ಪೊರಕೆ ಹಿಡಿದುಕೊಂಡೇ ಕಂಬದ ಹಾಗೆ ನಿಂತಳು.

ಅಪ್ಪನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು, ಹಿಂದಿನ ದಿನದ ಮರದ ಪುಡಿಯನ್ನೂ ಗಾಜಿನ ಚೂರುಗಳನ್ನೂ ಗುಡಿಸಿ ಒಂದು ಮೂಲೆಗೆ ಸೇರಿಸುವುದು ಪಿಸುವಿನ ಕೆಲಸ. ಚಪ್ಪಲಿ ಹಾಕಿಕೊಂಡೇ ಗುಡಿಸಬೇಕು ಎಂದು ಅಪ್ಪನ ಕಟ್ಟಪ್ಪಣೆ.

ಅಂಗಡಿಗೆ ಕಿಟಕಿ ಇಲ್ಲ. ಶಟರ್ ಕೆಳಗಿಳಿದಿತ್ತು. ಎಲ್ಲಿ ನೋಡಿದರೂ ಕಗ್ಗತ್ತಲೆ. ಪಿಸು ಕಣ್ಣು ಪಿಳಿಪಿಳಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಕತ್ತಲೆ ತಿಳಿಯಾದ ಹಾಗಾಯಿತು. ಶಟರಿನ ಎದುರು ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಬಿಳಿ ರಟ್ಟು ಮಸುಕಾಗಿ ಕಾಣಿಸಿತು.

ಆ ರಟ್ಟಿನ ಮೇಲೆ ಏನೋ ಅಲ್ಲಾಡಿತು.

ಹಲ್ಲಿ ಇರಬೇಕು ಅಂದುಕೊಂಡಳು. ಆದರೆ ಹಲ್ಲಿಗೆ ಎರಡು ಚಕ್ರ ಇರುವುದಿಲ್ಲ.

ಅದು ಸೈಕಲ್ಲು. ಚಕ್ರ ಮೇಲೆ, ಸವಾರನ ತಲೆ ಕೆಳಗೆ. ಹೊರಗೆ ಬೀದಿಯಲ್ಲಿ ಸೈಕಲ್ ಬೆಲ್ಲು ಎಡಗಡೆಯಿಂದ ಬಲಗಡೆಗೆ ಹೋಗುತ್ತಿದ್ದರೆ, ಒಳಗೆ ರಟ್ಟಿನ ಮೇಲಿನ ಸೈಕಲ್ಲು ಬಲಗಡೆಯಿಂದ ಎಡಗಡೆಗೆ ತೇಲಿಕೊಂಡು ಹೋಗಿ ಮಾಯವಾಯಿತು.

ಪಿಸುವಿನ ಮೈ ಜುಮ್ಮೆಂದಿತು. ಈಗ ರಟ್ಟಿನ ಉದ್ದಗಲಕ್ಕೂ ಬಣ್ಣ ಕಾಣತೊಡಗಿತು. ಕೆಳಗಡೆ ನೀಲಿ. ಅದು ಆಕಾಶ. ಮೇಲ್ಗಡೆ ಬೂದು ಬಣ್ಣದ ಪಟ್ಟಿ. ಅದು ರಸ್ತೆ. ನಡುವೆ ಎದುರು ಸಾಲಿನ ಹಣ್ಣಿನಂಗಡಿ ಬಾವಲಿಯ ಹಾಗೆ ಜೋತುಬಿದ್ದಿತ್ತು. ಕಿತ್ತಳೆ ಹಣ್ಣಿನ ಗುಡ್ಡೆ ಉದುರಿಬೀಳದೆ ತಲೆಕೆಳಗಾಗಿಯೇ ನಿಂತಿತ್ತು.

"ಅಪ್ಪಾ," ಎಂದಳು.

ಅಪ್ಪನಿಗೆ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಪಿಸುವಿನ ದನಿಯೇ ಅಷ್ಟು. ಉಸಿರಿಗಿಂತ ಒಂದು ಚೂರು ಮೇಲೆ, ಮಾತಿಗಿಂತ ಒಂದು ಚೂರು ಕೆಳಗೆ. ಅದಕ್ಕೇ ಅವಳಿಗೆ ಪಿಸು ಎಂಬ ಹೆಸರು ಬಂದಿದ್ದು.

ಕೊನೆಗೆ ಟಾರ್ಚ್ ಹಿಡಿದು ಅಪ್ಪನೇ ಬಂದ. ಟಾರ್ಚಿನ ಬೆಳಕು ಬಿದ್ದದ್ದೇ ತಡ, ರಟ್ಟು ಬರೀ ರಟ್ಟಾಯಿತು.

"ಆರಿಸಪ್ಪಾ ಅದನ್ನ. ಆರಿಸು."

"ಇಷ್ಟು ಹೊತ್ತು ಹುಡುಕಿ ತಂದಿದೀನಿ, ಆರಿಸು ಅಂತೀಯಲ್ಲ," ಎಂದು ಗೊಣಗುತ್ತಾ ಅಪ್ಪ ಟಾರ್ಚ್ ಆರಿಸಿದ. ರಟ್ಟಿನ ಮೇಲೆ ಬೀದಿ ಮತ್ತೆ ಮೂಡಿತು.

ಹಾಲಿನ ವ್ಯಾನು ತಲೆಕೆಳಗಾಗಿ ಬಂದು ನಿಂತಿತು. ಅದರಿಂದ ಒಬ್ಬ ಮನುಷ್ಯ ಮೇಲಕ್ಕೆ ಇಳಿದ.

ಅಪ್ಪ ನಿಧಾನವಾಗಿ ಸ್ಟೂಲಿನ ಮೇಲೆ ಕೂತ. ಎಷ್ಟೋ ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಊರಿನವರ ಫೋಟೋಗಳಿಗೆಲ್ಲ ಫ್ರೇಮ್ ಹಾಕಿದವನು ಅವನು. ಮದುವೆ ಫೋಟೋ, ಮಗುವಿನ ಫೋಟೋ, ಪರೀಕ್ಷೆ ಪಾಸಾದವರ ಫೋಟೋ. ಇಂಥ ಫೋಟೋ ಮಾತ್ರ ಅವನು ನೋಡಿರಲಿಲ್ಲ.

"ಆ ತೂತು ಕಣೇ," ಎಂದ ಕೊನೆಗೆ. ಶಟರಿನ ನಡುವೆ ಒಂದು ರಿವಿಟ್ ಬಿದ್ದುಹೋಗಿ ಪೆನ್ಸಿಲ್ ದಪ್ಪದ ತೂತಾಗಿತ್ತು. ಅಪ್ಪ ಎದ್ದು ಹೋಗಿ ಅದರ ಮೇಲೆ ಹೆಬ್ಬೆರಳಿಟ್ಟ. ಬೀದಿ ಹೋಯಿತು. ಬೆರಳು ತೆಗೆದ. ಬೀದಿ ಬಂತು. ಮತ್ತೆ ಇಟ್ಟ, ಮತ್ತೆ ತೆಗೆದ. ಚಿಕ್ಕ ಹುಡುಗನ ಹಾಗೆ ಅದನ್ನೇ ಮಾಡುತ್ತಾ ನಿಂತ.

"ಧೂಳು ಬರುತ್ತೆ, ಮುಚ್ಚಿಸ್ಬೇಕು ಅಂತ ವೆಲ್ಡಿಂಗ್‌ನವನ ಹಿಂದೆ ಬಿದ್ದಿದ್ದೆ. ಸದ್ಯ, ಅವನು ಸೋಮಾರಿಯಾಗಿದ್ದು ಒಳ್ಳೇದಾಯ್ತು. ನಾನಂತೂ ಒಳಗೆ ಬರ್ತಾನೇ ಲೈಟ್ ಹಾಕ್ತೀನಿ. ಇದು ದಿನಾ ಬಂದು ಕಾಯ್ತಾ ಇತ್ತೋ ಏನೋ."

"ಯಾಕಪ್ಪಾ ತಲೆಕೆಳಗೆ?"

"ಅದು ನನಗೆ ಗೊತ್ತಿಲ್ಲ ಮಗಳೇ. ನಿಮ್ಮ ಮಿಸ್‌ನ ಕೇಳು."

ತೊಂದರೆ ಇದ್ದದ್ದೇ ಅಲ್ಲಿ.

ಪಿಸುವಿನ ತಲೆಯಲ್ಲಿ ಪ್ರಶ್ನೆಗಳಿಗೆ ಬರವಿರಲಿಲ್ಲ. ಇರುವೆ ನಿದ್ದೆ ಮಾಡುತ್ತದೆಯೇ, ನೆರಳಿಗೆ ತೂಕ ಇದೆಯೇ, ಹೀಗೆ. ಆದರೆ ಅವನ್ನು ಕೇಳುತ್ತಿದ್ದವಳು ಅವಳಲ್ಲ, ಡೋಲು. ಡೋಲು ಅವಳ ಪಕ್ಕದ ಸೀಟಿನ ಗೆಳತಿ. ಅವಳು ಕೆಮ್ಮಿದರೆ ಪಕ್ಕದ ಕ್ಲಾಸಿನವರು ತಿರುಗಿ ನೋಡುತ್ತಿದ್ದರು. ಪಿಸು ಅವಳ ಕಿವಿಯಲ್ಲಿ ಪ್ರಶ್ನೆ ಊದುವುದು, ಡೋಲು ಎದ್ದು ನಿಂತು "ಮಿಸ್, ಒಂದು ಡೌಟು" ಎಂದು ಅದನ್ನು ಇಡೀ ಕ್ಲಾಸಿಗೆ ಸಾರುವುದು. ಒಂದನೇ ಕ್ಲಾಸಿನಿಂದಲೂ ಹೀಗೇ ನಡೆದುಬಂದಿತ್ತು. ಇಬ್ಬರಿಗೂ ಅದರಲ್ಲಿ ತಕರಾರಿರಲಿಲ್ಲ.

ಒಮ್ಮೆ ಡೋಲು ರಜೆ ಹಾಕಿದ್ದ ದಿನ ಪಿಸು ತಾನೇ ಎದ್ದು ನಿಂತಿದ್ದಳು. "ಜೋರಾಗಿ, ಜೋರಾಗಿ," ಎಂದು ಹಿಂದಿನ ಬೆಂಚಿನವರು ಕೂಗಿದ್ದರು. ಯಾರೋ "ಕ್ಲಾಸಲ್ಲಿ ಸೊಳ್ಳೆ ಸೇರ್ಕೊಂಡಿದೆ ಮಿಸ್," ಅಂದಿದ್ದರು. ಎಲ್ಲರೂ ನಕ್ಕಿದ್ದರು. ಆವತ್ತು ಗಂಟಲಲ್ಲಿ ಸಿಕ್ಕಿಕೊಂಡ ಪ್ರಶ್ನೆ ಯಾವುದೆಂದು ಈಗ ಪಿಸುವಿಗೂ ನೆನಪಿಲ್ಲ. ಆದರೆ ಆಮೇಲೆ ಅವಳು ಎದ್ದು ನಿಂತದ್ದಿಲ್ಲ.

ಈಗ ಡೋಲುವಿನ ಸೀಟು ಖಾಲಿ. ಶಾಲೆಯ ಗೇಟು ಹತ್ತಿ ಆಚೆ ಹಾರಲು ಹೋಗಿ, ಬಿದ್ದು, ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು.

ಆ ದಿನ ಕ್ಲಾಸಿನಲ್ಲಿ ಮಿಸ್ ಆಸ್ಪತ್ರೆಯ ಮಾತನ್ನೇ ಎತ್ತಿದರು.

"ನಾನು ನಿನ್ನೆ ಡೋಲುನ ನೋಡ್ಕೊಂಡು ಬಂದೆ. ಅವಳಿರೋ ಮಕ್ಕಳ ವಾರ್ಡಿನಲ್ಲಿ ಮಂಚಗಳಿಗೆ ಗಾಲಿ ಇಲ್ಲ. ಏಳೋಕಾಗದ ಮಕ್ಕಳು ವಾರಗಟ್ಟಲೆ ಒಂದೇ ಕಡೆ ಮಲಗಿರ್ತಾರೆ. ಗಾಲಿ ಮಂಚ ಇದ್ರೆ ವರಾಂಡಕ್ಕೆ ತಳ್ಕೊಂಡು ಹೋಗಿ ಸ್ವಲ್ಪ ಬಿಸಿಲು, ಸ್ವಲ್ಪ ರಸ್ತೆ ತೋರಿಸ್ಬಹುದು. ಅದಕ್ಕೆ ದುಡ್ಡು ಸೇರಿಸ್ತಾ ಇದಾರೆ. ನಾವೂ ಸೇರಿಸೋಣ್ವಾ?"

"ಹೂಂ ಮಿಸ್," ಎಂದಿತು ಇಡೀ ಕ್ಲಾಸು.

"ಆದ್ರೆ ಮನೇಲಿ ಹಠ ಮಾಡಿ ತಂದು ಡಬ್ಬಿಗೆ ಹಾಕೋದಲ್ಲ. ಅಂಗಡಿಗೆ ಹೋಗಿ ಸಾಮಾನು ಕೊಂಡು ತರೋದೂ ಅಲ್ಲ. ನಿಮ್ಮ ಹತ್ರ ಏನಿದೆಯೋ ಅದರಿಂದಲೇ ಏನಾದ್ರೂ ಮಾಡ್ಬೇಕು. ನೋಡಿದೋರು ಖುಷಿಯಾಗಿ ಕೊಡ್ಬೇಕು."

ಬೆಂಚುಗಳೆಲ್ಲ ಒಮ್ಮೆಲೇ ಮಾತಾಡತೊಡಗಿದವು.

"ಹಳೇ ಕತೆ ಪುಸ್ತಕ ಮಾರೋಣ ಮಿಸ್."

"ಟೀಚರ್‌ಗಳ ಶೂ ಪಾಲಿಶ್ ಮಾಡೋಣ."

"ಪಾಲಿಶ್ ಡಬ್ಬಿ ನಿಮ್ಮ ತಾತ ಕೊಡ್ತಾರಾ?"

"ಬಾಟಲಿಗೆ ಗೋಲಿ ತುಂಬಿಸಿ, ಎಷ್ಟಿದೆ ಹೇಳಿ ಅಂತ ಕೇಳೋಣ. ಸರಿಯಾಗಿ ಹೇಳಿದೋರಿಗೆ ಗೋಲಿನೇ ಪ್ರೈಜ್."

ಕ್ಲಾಸ್ ಲೀಡರ್ ಕನ್ನಡಕ ಎದ್ದು ನಿಂತ. ಅವನ ಮುಖದಲ್ಲಿ ಮೊದಲು ಕಾಣುವುದೇ ಕನ್ನಡಕವಾದ್ದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. "ಮಿಸ್, ನಾನು ಇಡೀ ದಿನ ಮಾತಾಡದೆ ಇರ್ತೀನಿ. ಗಂಟೆಗೆ ಇಷ್ಟು ಅಂತ ಎಲ್ರೂ ಡಬ್ಬಿಗೆ ಹಾಕ್ಲಿ."

"ಅದಕ್ಕೆ ಮೊದಲು ನಾನೇ ಹಾಕ್ತೀನಪ್ಪಾ," ಎಂದರು ಮಿಸ್. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕನ್ನಡಕನೂ ನಕ್ಕ.

ಪಿಸುವಿನ ಎದೆ ಡವಡವ ಹೊಡೆದುಕೊಂಡಿತು. ಅಂಗಡಿಯ ಬೀದಿ! ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಅವಳು ಅಭ್ಯಾಸಬಲದಿಂದ ಪಕ್ಕಕ್ಕೆ ಬಾಗಿದಳು. ಅಲ್ಲಿ ಕಿವಿ ಇರಲಿಲ್ಲ. ಬರೀ ಬೆಂಚಿತ್ತು. ಬಾಗಿದ್ದಕ್ಕೆ ಏನಾದರೂ ಕಾರಣ ಬೇಕಲ್ಲ ಎಂದು ಬೀಳದೇ ಇದ್ದ ಪೆನ್ಸಿಲನ್ನು ಹುಡುಕಿದಳು.

ಸಂಜೆ ಅಮ್ಮ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತಿ, ಔಷಧಿ ವಾಸನೆಯ ಉದ್ದ ವರಾಂಡ ದಾಟಿದರೆ ಮಕ್ಕಳ ವಾರ್ಡು. ಡೋಲುವಿನ ಕಾಲನ್ನು ಹಗ್ಗ ಕಟ್ಟಿ ಮೇಲಕ್ಕೆಳೆದಿದ್ದರು. ಹಗ್ಗದ ಇನ್ನೊಂದು ತುದಿಗೆ ಭಾರ ತೂಗುಹಾಕಿದ್ದರು.

"ನೋವಾ?" ಎಂದಳು ಪಿಸು.

"ಮೊದಲು ಇತ್ತು. ಈಗ ಬೇಜಾರು. ನೋವೇ ವಾಸಿ." ಡೋಲು ಮಲಗಿದ್ದರೂ ದನಿ ಎದ್ದೇ ನಿಂತಿತ್ತು. "ಮೇಲೆ ನೋಡು. ಬಿಳಿ. ಬೆಳಿಗ್ಗೆನೂ ಬಿಳಿ, ಮಧ್ಯಾಹ್ನನೂ ಬಿಳಿ. ಬಣ್ಣ ಬಳಿದೋನ ಬ್ರಶ್ಶು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬೇಕಾದ್ರೆ ಬಾಯಿಪಾಠ ಒಪ್ಪಿಸ್ತೀನಿ. ಹೊರಗೆ ಬಸ್ಸಿನ ಸದ್ದು ಕೇಳುತ್ತೆ. ಹಸಿರು ಬಸ್ಸೋ, ಕೆಂಪು ಬಸ್ಸೋ ಗೊತ್ತಾಗಲ್ಲ. ಸಿಸ್ಟರ್‌ನ ಕೇಳಿದ್ರೆ, ಬಸ್ಸಿನ ಬಣ್ಣ ಕಟ್ಕೊಂಡು ನಿನಗೇನಮ್ಮಾ ಅಂತಾರೆ."

ಅಮ್ಮ ಅವಳ ತಲೆ ಬಾಚಿ, ಕಿತ್ತಳೆ ಸುಲಿದು ಕೊಡತೊಡಗಿದಳು. ಪಿಸು ಡೋಲುವಿನ ಕಿವಿಗೆ ಬಾಯಿಟ್ಟು ಬೆಳಗಿನದ್ದೆಲ್ಲ ಹೇಳಿದಳು. ಡೋಲು ಅಗಿಯುವುದನ್ನೇ ನಿಲ್ಲಿಸಿದಳು.

"ಸುಳ್ಳು."

"ಅಮ್ಮನ್ನ ಕೇಳು."

"ಹೌದು ಕಣಮ್ಮಾ, ನಾನೂ ನೋಡ್ದೆ," ಎಂದಳು ಅಮ್ಮ. "ಇವರಪ್ಪ ಇವತ್ತು ಅಂಗಡಿ ತೆಗೆದಿದ್ದೇ ಲೇಟು. ಶಟರ್ ಎತ್ತೋಕೆ ಮನಸ್ಸೇ ಬರ್ಲಿಲ್ಲ ಅವರಿಗೆ."

"ಯಾಕೆ ತಲೆಕೆಳಗೆ?" ಎಂದಳು ಡೋಲು.

"ಗೊತ್ತಿಲ್ಲ."

"ಮಿಸ್‌ನ ಕೇಳಿಲ್ವಾ?"

ಪಿಸು ಮಂಚದ ಕಬ್ಬಿಣದ ಮೇಲಿನ ಬಣ್ಣ ಕೆರೆದಳು.

"ನಾನಿಲ್ಲ ಅಂತ ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಡೋಲು ನಿಟ್ಟುಸಿರು ಬಿಟ್ಟಳು. "ಸರಿ, ಕನ್ನಡಕನಿಗಾದ್ರೂ ಹೇಳು. ಅವನ ಬಾಯಿ ನನ್ನದರಷ್ಟಿಲ್ಲ, ಆದ್ರೂ ಪರವಾಗಿಲ್ಲ. ಟಿಕೆಟ್ ಇಟ್ಟು ತೋರಿಸಿ. ಅಯ್ಯೋ, ಎಲ್ರೂ ನೋಡ್ತೀರ, ನಾನೊಬ್ಳು ಬಿಟ್ಟು."

ಮರುದಿನ ಪಿಸು ಕನ್ನಡಕನನ್ನು ನೀರಿನ ನಲ್ಲಿಯ ಹತ್ತಿರ ಹಿಡಿದಳು. ಅವನು ನಂಬಲಿಲ್ಲ. "ತೂತಿನಲ್ಲಿ ಸಿನಿಮಾ ಬರುತ್ತಾ? ಯಾರಿಗೆ ಹೇಳ್ತೀಯ?" ಎಂದ. ಆದರೂ ಅದರ ಮಾರನೇ ಬೆಳಿಗ್ಗೆ, ಬಂದು ನೋಡಿ ನಗೋಣ ಎಂದುಕೊಂಡು ಅಂಗಡಿಯ ಹಿಂಬಾಗಿಲಿಗೆ ಬಂದ.

ಅಪ್ಪ ಲೈಟ್ ಆರಿಸಿದ.

ಕನ್ನಡಕ ಮೊದಲು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ರಟ್ಟಿನ ಹಿಂದೆ ಇಣುಕಿದ. ಹಿಂದೆ ಗೋಡೆ ಮಾತ್ರ ಇತ್ತು. ನಗಲು ಬಂದವನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಇದು ವೈರು ಇಲ್ದೆ ಬರ್ತಿದೆಯಾ ಅಂಕಲ್?"

"ವೈರು, ಬ್ಯಾಟರಿ, ಬಾಡಿಗೆ, ಏನೂ ಇಲ್ಲಪ್ಪಾ."

ಶಾಲೆಗೆ ಓಡಿದವನೇ ಅವನು ಬ್ಯಾಗ್ ಕೂಡ ಇಳಿಸದೆ ಹೇಳಿದ್ದು ಇಷ್ಟು: "ಮಿಸ್, ಪಿಸು ಅಂಗಡಿ ಒಳಗೆ ರಸ್ತೆ ಬಂದ್ಬಿಟ್ಟಿದೆ ಮಿಸ್. ಜನ ಎಲ್ಲ ಉಲ್ಟಾ ಓಡಾಡ್ತಿದಾರೆ."

ಮಿಸ್ ಅವನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಅವರು ಪಿಸುವಿನ ಕಡೆ ತಿರುಗಿದರು. "ಏನಮ್ಮಾ ಅದು? ನೀನೇ ಹೇಳು."

ಪಿಸು ಎದ್ದಳು. ತುಟಿ ಅಲ್ಲಾಡಿತು. ಹಿಂದಿನ ಬೆಂಚಿನಲ್ಲಿ ಯಾರೋ ಸೊಳ್ಳೆಯ ಹಾಗೆ ಗುಂಯ್ ಎಂದರು. ಪಿಸು ಕೂತುಬಿಟ್ಟಳು. ಮಿಸ್ ಹಿಂದಿನ ಬೆಂಚನ್ನು ಒಂದು ನೋಟ ನೋಡಿ, "ಆಯ್ತು, ಸಾಯಂಕಾಲ ನಾನೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ," ಎಂದರು.

ಶನಿವಾರ ಬೆಳಿಗ್ಗೆ ಅಂಗಡಿಯ ಹಿಂಬಾಗಿಲಿನಿಂದ ಗಲ್ಲಿಯ ತಿರುವಿನವರೆಗೆ ಸಾಲು ನಿಂತಿತ್ತು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬೇಕರಿಯವನು, ಪೋಸ್ಟ್‌ಮ್ಯಾನು. ಟಿಕೆಟ್ ಎಂದು ಏನೂ ಇರಲಿಲ್ಲ. ಬಾಗಿಲಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಕನ್ನಡಕ ನಿಂತಿದ್ದ. "ನೋಡಿ ಬಂದ್ಮೇಲೆ ಹಾಕಿ. ಚೆನ್ನಾಗಿಲ್ಲ ಅಂದ್ರೆ ಹಾಕ್ಬೇಡಿ," ಎಂದು ಸಾರುತ್ತಿದ್ದ. ಅದು ಅವನದೇ ಐಡಿಯಾ.

ಅಪ್ಪ ಹಿಂದಿನ ದಿನವೇ ತಯಾರಿ ಮಾಡಿದ್ದ. ಶಟರಿನ ಸಂದುಗಳಿಗೆ ಹಳೇ ಬಟ್ಟೆ ತುರುಕಿದ್ದ. ಬಿಳಿ ರಟ್ಟನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ. ಯಾರೋ ಆರ್ಡರ್ ಕೊಟ್ಟು, ಆಮೇಲೆ ಬೇಡವೆಂದು ಬಿಟ್ಟುಹೋಗಿದ್ದ ದೊಡ್ಡದೊಂದು ಚಿನ್ನದ ಬಣ್ಣದ ಫ್ರೇಮನ್ನು ಮಹಡಿಯಿಂದ ಇಳಿಸಿ, ಧೂಳು ಒರೆಸಿ, ರಟ್ಟಿನ ಸುತ್ತ ಕೂರಿಸಿದ್ದ. "ಇದಕ್ಕೆ ತಕ್ಕ ಫೋಟೋ ಇವತ್ತು ಸಿಕ್ತು," ಎಂದು ತನ್ನಷ್ಟಕ್ಕೆ ಹೇಳಿಕೊಂಡಿದ್ದ.

ಒಳಗೆ ನಿಂತು ತೋರಿಸುವ ಕೆಲಸ ಪಿಸುವಿನದು. ಬೇಡ ಎಂದು ಅವಳು ತಲೆಯಾಡಿಸಿದ್ದಳು. ಆದರೆ ಅಪ್ಪ ಹಿಂಬಾಗಿಲು ನೋಡಿಕೊಳ್ಳಬೇಕಿತ್ತು, ಮಿಸ್ ಸಾಲು ನೋಡಿಕೊಳ್ಳಬೇಕಿತ್ತು. ಬೇರೆ ದಾರಿ ಇರಲಿಲ್ಲ.

ಮೊದಲ ಗುಂಪು ಗಲಾಟೆ ಮಾಡುತ್ತಾ ಒಳಗೆ ಬಂತು. ಬಾಗಿಲು ಮುಚ್ಚಿತು. ಕತ್ತಲೆ.

"ಏನೂ ಕಾಣಲ್ಲ."

"ನನ್ನ ಕಾಲು ತುಳಿದೋರು ಯಾರು?"

"ಸ್ವಲ್ಪ ತಡೀರಿ," ಎಂದಳು ಪಿಸು. "ಕಣ್ಣಿಗೆ ಕತ್ತಲೆ ಅಭ್ಯಾಸ ಆಗ್ಬೇಕು. ಅದು ತಾನಾಗೇ ಬರುತ್ತೆ."

ಅದು ಬಂತು. ಮೊದಲು ನೀಲಿ, ಆಮೇಲೆ ಕಿತ್ತಳೆ, ಆಮೇಲೆ ಗೋಡೆ, ಮರ, ಮನುಷ್ಯರು. ಚಿನ್ನದ ಫ್ರೇಮಿನೊಳಗೆ ಬೀದಿ ಉಸಿರಾಡತೊಡಗಿತು. ಮರದ ಎಲೆಗಳು ಕೂಡ ಒಂದೊಂದಾಗಿ ಅಲ್ಲಾಡುತ್ತಿದ್ದವು.

ಗಲಾಟೆ ನಿಂತುಹೋಯಿತು. ಸುಮ್ಮನಿರಿ ಎಂದು ಯಾರೂ ಹೇಳಿರಲಿಲ್ಲ. "ನೋಡೋ, ನೋಡೋ," ಎಂದು ಯಾರೋ ಅಂದರು. ಅದೂ ಪಿಸುಮಾತಿನಲ್ಲಿ. ಆಮೇಲೆ ಬಂದ ಗುಂಪುಗಳೂ ಹಾಗೇ. ಒಳಗೆ ಕಾಲಿಡುವಾಗ ಗದ್ದಲ, ಬೀದಿ ಕಾಣಿಸಿದ ಮೇಲೆ ಪಿಸುಪಿಸು. ಬೇಕರಿಯವನಂಥ ಬೇಕರಿಯವನು, ಬೀದಿಯ ಆ ತುದಿಗೆ ಕೇಳುವಂತೆ ಮಾತಾಡುವವನು, ಮಗುವನ್ನು ಮಲಗಿಸುವವನ ದನಿಯಲ್ಲಿ "ಅದು ನನ್ನ ಅಂಗಡಿ ಕೊಡೆ ಅಲ್ವಾ?" ಎಂದ. ಆ ಕತ್ತಲೆಯಲ್ಲಿ ಎಲ್ಲರ ದನಿಯೂ ಪಿಸುವಿನ ದನಿಯಷ್ಟೇ ಆಗಿತ್ತು. ಅವಳು ಹೇಳಿದ ಒಂದೊಂದು ಮಾತೂ ಎಲ್ಲರಿಗೂ ಕೇಳಿಸುತ್ತಿತ್ತು.

ಹೊರಗೆ ನಿಂತವರಿಗೆ ಒಳಗೆ ಕಾಣಿಸಿಕೊಳ್ಳುವ ಆಸೆ ಹತ್ತಿತು. ಎದುರು ಫುಟ್‌ಪಾತಿನ ಬಿಸಿಲಲ್ಲಿ ನಿಂತು ಕೈಬೀಸುವವರು, ಕುಣಿಯುವವರು, ಹಲ್ಲು ಕಿರಿಯುವವರು. ಕನ್ನಡಕ ಡಬ್ಬಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ರಸ್ತೆ ದಾಟಿ, ಅಂಗೈ ನೆಲಕ್ಕೂರಿ, ಕಾಲು ಗೋಡೆಗೆ ಚಾಚಿ ತಲೆಕೆಳಗಾಗಿ ನಿಂತ. ಒಳಗಿದ್ದವರಿಗೆ, ಇಡೀ ಬೀದಿಯೇ ಬುಡಮೇಲಾಗಿರುವಾಗ ಅವನೊಬ್ಬ ಮಾತ್ರ ನೆಟ್ಟಗೆ ನಿಂತಂತೆ ಕಂಡ. ಅಂಗಿ ಮಾತ್ರ ಗಲ್ಲದವರೆಗೆ ಬಂದಿತ್ತು. ಕತ್ತಲೆಯಲ್ಲಿ ನಗು ಗುಳುಗುಳು ಎಂದಿತು.

ಎದುರಂಗಡಿಯ ಹಣ್ಣಿನಜ್ಜಿಯೂ ಬಂದಳು. "ದಿನಾ ನೋಡೋ ಅಂಗಡಿ, ಅದರಲ್ಲಿ ನೋಡೋದೇನಿದೆ?" ಎನ್ನುತ್ತಲೇ ಒಳಗೆ ಬಂದವಳು, ಫ್ರೇಮಿನ ಮುಂದೆ ನಿಂತಳು. ಜೋತುಬಿದ್ದ ಕಿತ್ತಳೆ, ಸೇಬು, ಹಸಿರು ದ್ರಾಕ್ಷಿ. ಅವಳ ಖಾಲಿ ಕುರ್ಚಿ. ಆಗಲೇ ಎಲ್ಲಿಂದಲೋ ಒಂದು ಮೋಡ ಬಂತು. ಬಣ್ಣಗಳೆಲ್ಲ ಸೋರಿಹೋದಂತೆ ಮಂಕಾದವು. ರಟ್ಟು ಕತ್ತಲಲ್ಲಿ ಮಸುಕಾಯಿತು. "ಅಯ್ಯೋ," ಎಂದಿತು ಕತ್ತಲೆ. ಪಿಸು ಉಸಿರು ಬಿಗಿಹಿಡಿದಳು. ಮೋಡ ಸರಿಯಿತು. ತುದಿಯಿಂದ ಶುರುವಾಗಿ ಹಣ್ಣುಗಳು ಒಂದೊಂದಾಗಿ ಹೊತ್ತಿಕೊಂಡವು.

"ನನ್ನ ಅಂಗಡಿ ಇಷ್ಟು ಚೆನ್ನಾಗಿದೆಯಾ?" ಎಂದಳು ಅಜ್ಜಿ. ಯಾರನ್ನೂ ಕೇಳಿದ್ದಲ್ಲ. ಹೊರಗೆ ಹೋಗುವಾಗ ಡಬ್ಬಿಗೆ ದುಡ್ಡು ಹಾಕಿ, ಕನ್ನಡಕನ ಕೈಗೊಂದು ಸೇಬು ಇಟ್ಟು, ರಸ್ತೆಯ ನಡುವೆ ನಿಂತು ತನ್ನ ಅಂಗಡಿಯನ್ನೇ ಇನ್ನೊಮ್ಮೆ ನೋಡಿದಳು.

ಕೊನೆಯ ಗುಂಪಿನ ಜೊತೆ ಮಿಸ್ ಒಳಗೆ ಬಂದರು. ಆ ಗುಂಪಿನಲ್ಲಿ ಹಲ್ಲು ಬಿದ್ದ, ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳಿದ್ದಳು. ಬೀದಿ ಕಾಣಿಸಿದ್ದೇ, "ಯಾಕೆ ಉಲ್ಟಾ?" ಎಂದುಬಿಟ್ಟಳು.

ಅಷ್ಟೇ. ಕೇಳಿಬಿಟ್ಟಳು. ಯಾರೂ ನಗಲಿಲ್ಲ. ಎಲ್ಲರೂ ತಮಗೂ ಅದೇ ಬೇಕಾಗಿತ್ತು ಎನ್ನುವ ಹಾಗೆ ಮಿಸ್ ಕಡೆ ತಿರುಗಿದರು. ಪಿಸು ಆ ಪುಟ್ಟ ಹುಡುಗಿಯನ್ನೇ ನೋಡಿದಳು.

"ಬೆಳಕಿಗೆ ಬಾಗೋಕೆ ಬರಲ್ಲ," ಎಂದರು ಮಿಸ್. "ನೇರ ಹೋಗೋದೊಂದೇ ಗೊತ್ತು. ಅಜ್ಜಿ ಅಂಗಡಿಯ ಬೋರ್ಡು ಮೇಲಿದೆ. ಅಲ್ಲಿಂದ ಹೊರಟ ಬೆಳಕು ಈ ತೂತಿನಲ್ಲಿ ನುಸುಳಿ, ನೇರವಾಗಿ ಕೆಳಕ್ಕೆ ಇಳೀತಾ ಬರುತ್ತೆ. ರಸ್ತೆ ಕೆಳಗಿದೆ. ಅಲ್ಲಿಂದ ಹೊರಟಿದ್ದು ಇದೇ ತೂತಿನಲ್ಲಿ ನುಸುಳಿ ಮೇಲಕ್ಕೆ ಹತ್ತುತ್ತೆ."

ಅವರು ಅಪ್ಪನ ಹತ್ತಿರ ದಾರ ಇಸಿದುಕೊಂಡರು. ಹೊರಗೆ ರಸ್ತೆಯಲ್ಲಿ ಕನ್ನಡಕ ಅದರ ತುದಿಯನ್ನು ನೆಲಕ್ಕೊತ್ತಿ ಹಿಡಿದ. ತೂತಿನಿಂದ ಒಳಗೆ ಬಂದ ದಾರವನ್ನು ಮಿಸ್ ಬಿಗಿಯಾಗಿ ಎಳೆದರು. ದಾರ ಮೇಲೆ ಮೇಲೆ ಹತ್ತಿ ಫ್ರೇಮಿನ ನೆತ್ತಿ ಮುಟ್ಟಿತು. "ಇನ್ನೂ ಎಳೆದ್ರೆ?" ಎಂದಳು ಪುಟ್ಟ ಹುಡುಗಿ. "ಇನ್ನೂ ಮೇಲಕ್ಕೇ ಹೋಗುತ್ತೆ," ಎಂದರು ಮಿಸ್. ಪಿಸು ಆ ದಾರವನ್ನು ಕಣ್ಣಲ್ಲೇ ಮುಟ್ಟಿ ಮುಟ್ಟಿ ನೋಡಿದಳು.

ಸೇರಿದ ದುಡ್ಡಿಗೆ ಒಂದು ಮಂಚ ಬರುವುದಿಲ್ಲ ಎಂದು ಸೋಮವಾರ ಮಿಸ್ ಹೇಳಿದರು. "ಆದ್ರೆ ಒಂದು ಮಂಚದ ಗಾಲಿಗಳಿಗೆ ಆಗುತ್ತೆ. ಮಂಚದ ಉಳಿದ ಭಾಗಕ್ಕೆ ಬೇರೆಯವರು ಕೊಡ್ತಾರೆ. ಗಾಲಿ ಇಲ್ದೆ ಅದು ಎಲ್ಲಿಗೂ ಹೋಗ್ತಿರ್ಲಿಲ್ಲ, ಅಲ್ವಾ?" ಕ್ಲಾಸು ಚಪ್ಪಾಳೆ ತಟ್ಟಿತು. ಡಬ್ಬಿಯನ್ನು ಆಸ್ಪತ್ರೆಗೆ ಕೊಡಲು ಮಿಸ್ ಪಿಸುವನ್ನೂ ಕನ್ನಡಕನನ್ನೂ ಕರೆದುಕೊಂಡು ಹೊರಟರು.

ಹೋದಾಗ ಮಧ್ಯಾಹ್ನದ ಬಿಸಿಲು. ವಾರ್ಡಿನ ಹಿರಿಯ ನರ್ಸ್ ಡಬ್ಬಿ ತೆಗೆದುಕೊಂಡು ಇಬ್ಬರ ಬೆನ್ನು ತಟ್ಟಿದರು. "ತುಂಬಾ ಒಳ್ಳೆ ಕೆಲಸ ಮಾಡಿದೀರ ಮಕ್ಕಳೇ. ಮಂಚ ಬರೋಕೆ ಇನ್ನೂ ಕೆಲವು ತಿಂಗಳು ಆಗುತ್ತೆ. ಬಂದ ದಿನ ನಿಮಗೆ ಹೇಳಿ ಕಳಿಸ್ತೀನಿ."

"ಅಷ್ಟರಲ್ಲಿ ನಾನು ಮನೆಗೆ ಹೋಗಿರ್ತೀನಿ," ಎಂದಿತು ಡೋಲುವಿನ ದನಿ. "ಈ ಗುಂಡ ಮಾತ್ರ ಇಲ್ಲೇ ಇರ್ತಾನೆ, ಪಾಪ."

ಗುಂಡ ಎಂದರೆ ಪಕ್ಕದ ಮಂಚದ ಪುಟ್ಟ ಹುಡುಗ. ಅವನಿಗೆ ಸೊಂಟದಿಂದ ಪಾದದವರೆಗೂ ಪ್ಲಾಸ್ಟರ್ ಹಾಕಿದ್ದರು. ಅವನು ನಕ್ಕ. ತಲೆ ಮಾತ್ರ ತಿರುಗಿಸಿ ನಕ್ಕ.

"ಕೂತ್ಕೋ," ಎಂದು ಡೋಲು ಪಿಸುವಿನ ಕೈ ಹಿಡಿದೆಳೆದಳು. "ಶೋ ಹೇಗಿತ್ತು? ಮೊದಲಿನಿಂದ ಹೇಳು. ಒಂದೂ ಬಿಡ್ಬೇಡ."

ಪಿಸು ಅವಳ ಕಿವಿಗೆ ಬಾಗಿದಳು. ಸಾಲು ನಿಂತದ್ದು, ಚಿನ್ನದ ಫ್ರೇಮು, ಕನ್ನಡಕನ ಗಲ್ಲಕ್ಕೆ ಬಂದ ಅಂಗಿ. ಡೋಲು ನಕ್ಕಾಗ ಹಗ್ಗದ ಭಾರವೂ ತೂಗಾಡಿತು.

"ಅಕ್ಕಾ," ಎಂದ ಗುಂಡ. "ಸ್ವಲ್ಪ ಈ ಕಡೆ ತಿರುಗಿ ಹೇಳಕ್ಕಾ. ನನಗೂ ಬೇಕು."

ಪಿಸು ತಲೆಯೆತ್ತಿದಳು. ಗುಂಡ ಕುತ್ತಿಗೆ ಚಾಚಿದ್ದ. ಅವನ ಆಚೆಯ ಮಂಚದ ಹುಡುಗಿಯೂ ದಿಂಬಿನ ಮೇಲೆ ತಲೆ ಹೊರಳಿಸಿದ್ದಳು. ಅದರಾಚೆ ಇನ್ನೊಬ್ಬ. ಉದ್ದಕ್ಕೂ ತಲೆಗಳು ಈ ಕಡೆಗೇ ತಿರುಗಿದ್ದವು. ಅಂಗಡಿಯಲ್ಲಾಗಿದ್ದರೆ ಅವರೆಲ್ಲ ಎದ್ದು ಹತ್ತಿರ ಬಂದು, ಒಬ್ಬರ ಕಾಲು ಒಬ್ಬರು ತುಳಿದು, ಪಿಸುವಿನ ಸುತ್ತ ನಿಂತುಬಿಡುತ್ತಿದ್ದರು. ಇಲ್ಲಿ ಯಾರೂ ಏಳಲಿಲ್ಲ. ಏಳಲಾರರು.

ಹೊರಗೆ ಬಸ್ಸೊಂದು ಬಂದು ನಿಂತ ಸದ್ದಾಯಿತು. ಪಿಸು ಎದ್ದು ಕಿಟಕಿಯ ಹತ್ತಿರ ಹೋದಳು. ಕೆಳಗೆ ರಸ್ತೆ ಬಿಸಿಲಿನಲ್ಲಿ ಫಳಫಳ ಎನ್ನುತ್ತಿತ್ತು. ಹಸಿರು ಬಸ್ಸು. ಬಲೂನ್ ಮಾರುವವನು. ಹಳದಿ ಕೊಡೆ ಹಿಡಿದ ಒಬ್ಬ ಹೆಂಗಸು. ಎಲ್ಲವೂ ಕೆಳಗೆ, ಬಹಳ ಕೆಳಗೆ.

ಕೆಳಗಿನಿಂದ ಹೊರಟಿದ್ದು ಮೇಲಕ್ಕೆ ಹತ್ತುತ್ತದೆ.

ಅವಳ ಕಣ್ಣು ತಾನಾಗಿಯೇ ದಾರದ ಹಿಂದೆ ಹೋಯಿತು. ರಸ್ತೆಯಿಂದ ಕಿಟಕಿಗೆ, ಕಿಟಕಿಯಿಂದ ಒಳಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ. ಅಲ್ಲಿ ಸೂರು ಇತ್ತು. ಬೆಳ್ಳಗೆ, ಅಗಲವಾಗಿ, ಎಲ್ಲ ಮಂಚಗಳ ಮೇಲೂ ಒಂದೇ ಸಮನಾಗಿ ಹರಡಿಕೊಂಡು. ಮಲಗಿದವರು ದಿನವಿಡೀ ನೋಡುತ್ತಿದ್ದದ್ದೂ ಅದನ್ನೇ.

ಕಿಟಕಿಗಳಿಗೆ ಮರದ ಬಾಗಿಲುಗಳಿದ್ದವು. ನಡುವಿನ ಕಿಟಕಿಯ ಬಾಗಿಲಿನ ಒಂದು ಹಲಗೆ ಕಿತ್ತುಹೋಗಿತ್ತು. ಅಲ್ಲಿಗೆ ಯಾರೋ ದಪ್ಪ ರಟ್ಟು ಹೊಡೆದಿದ್ದರು.

ಪಿಸುವಿನ ಮೈ ಮತ್ತೆ ಜುಮ್ಮೆಂದಿತು. ಅವಳು ಓಡಿಬಂದು ಡೋಲುವಿನ ಕಿವಿಗೆ ಬಾಯಿಟ್ಟು ಗಡಬಡಿಸಿ ಹೇಳಿದಳು. ಡೋಲುವಿನ ಕಣ್ಣು ದೊಡ್ಡದಾಯಿತು. ಅವಳು ಸೂರು ನೋಡಿದಳು, ಕಿಟಕಿ ನೋಡಿದಳು, ವಾರ್ಡಿನ ಆ ತುದಿಯಲ್ಲಿ ಮಿಸ್ ಜೊತೆ ಮಾತಾಡುತ್ತಿದ್ದ ನರ್ಸನ್ನು ನೋಡಿದಳು. ಎದೆ ತುಂಬ ಉಸಿರೆಳೆದು ಕೂಗಲು ಬಾಯಿ ತೆರೆದಳು.

ಪಿಸು ಮೆಲ್ಲಗೆ ಅವಳ ಬಾಯಿಯ ಮೇಲೆ ಕೈಯಿಟ್ಟಳು.

"ತಾಳು," ಎಂದಳು.

ಗುಂಡ ಇನ್ನೂ ಕುತ್ತಿಗೆ ಚಾಚಿಯೇ ಇದ್ದ. ಪಿಸು ಅವನ ಮಂಚ ದಾಟಿ ವಾರ್ಡಿನ ನಟ್ಟನಡುವೆ ಬಂದು ನಿಂತಳು. ಎದೆ ಡವಡವ ಎನ್ನುತ್ತಿತ್ತು. ಅವಳು ಅದನ್ನು ಅದರ ಪಾಡಿಗೆ ಬಿಟ್ಟಳು.

"ಸಿಸ್ಟರ್."

ನರ್ಸ್ ತಿರುಗಿದರು. ಮಿಸ್ ತಿರುಗಿದರು. ಕೊನೆಯ ಮಂಚದ ಹುಡುಗನೂ ತಿರುಗಿದ.

"ಸಿಸ್ಟರ್, ಈ ಕಿಟಕಿಗಳನ್ನೆಲ್ಲ ಸ್ವಲ್ಪ ಹೊತ್ತು ಮುಚ್ಚಿ, ಆ ರಟ್ಟಿನಲ್ಲಿ ಒಂದೇ ಒಂದು ತೂತು ಮಾಡ್ಬಹುದಾ?"